ಮೇಲಿನ ಐದು ಪುಸ್ತಕ

ಮೊದಲ ಉತ್ತರಪತ್ರಿಕೆಯಲ್ಲಿ ‘ಸ್ಟೀಲಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ’ ಎಂದು ಓದಿದಾಗ ವಿಜ್ಞಾನದ ಟೀಚರಿಗೆ ನಗು ಬಂತು. ಎರಡನೆಯದರಲ್ಲೂ ತೂತುಗಳಿದ್ದವು. ಪಕ್ಕಪಕ್ಕದಲ್ಲಿ ಕೂತವರು, ಕಾಪಿ ಹೊಡೆದಿದ್ದಾರೆ ಎಂದುಕೊಂಡಳು. ಮೂರನೆಯವನು ಪರೀಕ್ಷೆ ಬರೆದದ್ದು ಬೇರೆ ಕೋಣೆಯಲ್ಲಿ. ಅವನು ಬರೆದಿದ್ದ: ‘ಲೋಟ ಹಳೆಯದಾದಂತೆ ಸವೆಯುತ್ತದೆ, ಆದ್ದರಿಂದ ನೀರು ಹೊರಗೆ ಜಿನುಗುತ್ತದೆ.’

ಅವಳ ನಗು ನಿಂತಿತು. ಉಳಿದ ಪ್ರಶ್ನೆಗಳನ್ನು ಬಿಟ್ಟು ಆ ಒಂದೇ ಪ್ರಶ್ನೆಯನ್ನು ಹುಡುಕುತ್ತ ಕಟ್ಟನ್ನು ಮಗುಚಿದಳು. ಪ್ರಶ್ನೆ ಕಷ್ಟದ್ದೇನಲ್ಲ. ಐಸು ಹಾಕಿದ ಸ್ಟೀಲ್ ಲೋಟದ ಹೊರಮೈ ಸ್ವಲ್ಪ ಹೊತ್ತಿನಲ್ಲಿ ಒದ್ದೆಯಾಗುತ್ತದೆ, ಕಾರಣ ಕೊಡಿ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಲೋಟಕ್ಕೆ ತಾಗಿ ಹನಿಯಾಗುತ್ತದೆ ಎಂದು ಬರೆದರೆ ಮುಗಿಯಿತು. ಶಾಲೆ ಶುರುವಾದ ತಿಂಗಳಲ್ಲೇ ಗಾಜಿನ ಲೋಟ ಇಟ್ಟುಕೊಂಡು ಇದನ್ನು ಹೇಳಿಕೊಟ್ಟಿದ್ದಳು. ಪ್ರತಿ ಮಗುವೂ ಹಸಿರು ಪೆನ್ನಿನಲ್ಲಿ ಸರಿ ಉತ್ತರ ಬರೆದುಕೊಂಡಿತ್ತು. ಈಗ ಗಾಜು ಹೋಗಿ ಸ್ಟೀಲು ಬಂದಿತ್ತು, ಅಷ್ಟೇ. ಇಡೀ ಕಟ್ಟಿನಲ್ಲಿ ಸರಿ ಉತ್ತರ ಬರೆದವರು ಕೈಬೆರಳೆಣಿಕೆಯಷ್ಟು ಮಂದಿ.

ಎದುರು ಕೂತಿದ್ದ ಗಣಿತದ ಮೇಷ್ಟ್ರು ತಮ್ಮ ಕಟ್ಟಿಗೆ ದಾರ ಕಟ್ಟುತ್ತಿದ್ದರು. “ಏನಮ್ಮ, ಮುಖ ಹಂಗಾಯ್ತು? ಯಾರಾದ್ರೂ ಪ್ರೇಮಪತ್ರ ಬರ್ದಿದ್ದಾರಾ?”

“ಇದನ್ನ ಓದಿ ಸರ್.”

ಮೇಷ್ಟ್ರು ಓದಿದರು. ಇನ್ನೊಂದು ಓದಿದರು. “ನಿಮ್ಮ ಕ್ಲಾಸೇ ಇದು? ಐದರ ಮಿಸ್ ಕ್ಲಾಸು?”

ಅವಳು ಹೌದೆಂದು ತಲೆಯಾಡಿಸಿ ಪತ್ರಿಕೆಗಳನ್ನು ವಾಪಸು ತೆಗೆದುಕೊಂಡಳು.

ಐದರ ಮಿಸ್ ಎನ್ನುವುದು ಮಕ್ಕಳು ಅವಳಿಗೆ ಇಟ್ಟ ಹೆಸರು. ಆ ಶಾಲೆಯಲ್ಲಿ ಪ್ರತಿ ಪುಸ್ತಕದ ಪ್ರತಿ ಪುಟದ ಮೇಲೂ ಕೆಂಪು ಗುರುತು ಬಿದ್ದಿರಬೇಕೆಂಬ ನಿಯಮವಿತ್ತು. ಸೇರಿದ ಹೊಸತರಲ್ಲಿ ಅವಳೂ ಎರಡು ಕೈಚೀಲ ತುಂಬ ಪುಸ್ತಕ ಹೊತ್ತು ಬಸ್ಸು ಹತ್ತುತ್ತಿದ್ದಳು. ಮನೆಯಲ್ಲಿ ಟಿವಿ ನೋಡುತ್ತ ರೈಟು ಹಾಕುತ್ತಿದ್ದಳು. ‘ಚೆನ್ನಾಗಿದೆ’, ‘ಗಮನ ಕೊಡು’, ‘ಅಕ್ಷರ ಸುಧಾರಿಸಲಿ’. ಏನು ಚೆನ್ನಾಗಿದೆ, ಯಾವುದಕ್ಕೆ ಗಮನ ಕೊಡಬೇಕು ಎಂದು ಅವಳನ್ನೇ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ. ಎಲ್ಲ ಟೀಚರುಗಳೂ ಹಾಗೇ ಮಾಡುತ್ತಿದ್ದರು. ಗಣಿತದ ಮೇಷ್ಟ್ರು ಅದಕ್ಕೆ ‘ಪುಸ್ತಕದ ಹಾಜರಿ’ ಎನ್ನುತ್ತಿದ್ದರು.

ಈ ವರ್ಷ ಅವಳು ಅದನ್ನು ಬಿಟ್ಟಳು. ಮಕ್ಕಳು ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿಡಬೇಕು. ಅವಳು ಮೇಲಿನ ಐದನ್ನು ತೆಗೆದುಕೊಂಡು ಒಂದಕ್ಷರ ಬಿಡದೆ ಓದುತ್ತಿದ್ದಳು. ಹೆಚ್ಚು ಜನ ಎಲ್ಲಿ ಎಡವಿದ್ದಾರೆ ಎಂದು ಅದರಿಂದ ತಿಳಿಯುತ್ತಿತ್ತು. ಮರುದಿನ ಪಾಠದ ಮೊದಲ ಹತ್ತು ನಿಮಿಷ ಅದನ್ನೇ ಇಡೀ ಕ್ಲಾಸಿಗೆ ಹೇಳುತ್ತಿದ್ದಳು. ಮಕ್ಕಳು ತಮ್ಮ ತಮ್ಮ ಪುಸ್ತಕ ತೆರೆದು ಹಸಿರು ಪೆನ್ನಿನಲ್ಲಿ ತಾವೇ ತಿದ್ದಿಕೊಳ್ಳುತ್ತಿದ್ದರು. ಅವಳ ಹೆಗಲು ನೋವು ಹೋಯಿತು. ಅದಕ್ಕಿಂತ ಹೆಚ್ಚಾಗಿ, ವಾರದಿಂದ ವಾರಕ್ಕೆ ಆ ಐದು ಪುಸ್ತಕಗಳಲ್ಲಿ ತಪ್ಪು ಕಡಿಮೆಯಾಗುತ್ತ ಬಂತು. ಇಷ್ಟು ವರ್ಷ ಯಾರಿಗೂ ಹೊಳೆಯದ ದಾರಿ ತನಗೆ ಸಿಕ್ಕಿತೆಂದು ಅವಳು ನಂಬಿದಳು.

ಹೆಡ್‌ಮಾಸ್ಟರೂ ನಂಬಿದರು. ಎಷ್ಟೆಂದರೆ, ಸುತ್ತಲಿನ ಶಾಲೆಗಳ ಮೇಷ್ಟ್ರುಗಳನ್ನು, ಟೀಚರುಗಳನ್ನು ನೋಡಲು ಕರೆದಿದ್ದರು. ಅದು ನಾಳೆ ಬೆಳಿಗ್ಗೆ, ಅವಳ ಕ್ಲಾಸಿನಲ್ಲಿ, ಅವಳ ಪಾಠ. ಅವಳದು ವರ್ಷವರ್ಷಕ್ಕೂ ಮುಂದುವರಿಸುವ ಗುತ್ತಿಗೆಯ ಕೆಲಸ. ಕಾಯಂ ಮಾಡುವ ಪತ್ರ ಟೈಪಾಗಿ ಹೆಡ್‌ಮಾಸ್ಟರ ಮೇಜಿಗೆ ಬಂದಿತ್ತು. ನಾಳೆ ಅತಿಥಿಗಳ ಎದುರಿಗೇ ಸಹಿ ಮಾಡುತ್ತೇನೆಂದು ಅವರು ಹೇಳಿದ್ದರು.

ಅವಳು ಆರಿಸಿದ ಕೆಲವು ಉತ್ತರಪತ್ರಿಕೆಗಳನ್ನು ಹಿಡಿದು ಅವರ ಕೋಣೆಗೆ ಹೋದಳು. ಹೆಡ್‌ಮಾಸ್ಟರು ಅತಿಥಿಗಳ ಕುರ್ಚಿಗಳ ಬಗ್ಗೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಫೋನಿಟ್ಟು ಓದಿದರು. ಓದಿದ ಮೇಲೆ ಎದ್ದುಹೋಗಿ ಬಾಗಿಲು ಮುಂದೆ ಮಾಡಿದರು.

“ಇದನ್ನ ಯಾರ್ಯಾರು ನೋಡಿದ್ದಾರೆ?”

“ಗಣಿತದ ಸರ್ ಒಂದೆರಡು ನೋಡಿದ್ರು.”

“ಅವ್ರ ಬಾಯಿಗೆ ಬೀಗ ಹಾಕೋದು ನನಗೆ ಬಿಡಿ. ನೀವು ಅಂಕಗಳನ್ನ ಮುಂದಿನ ವಾರ ಕೊಡಿ.”

“ಸರ್, ನಾಳೆ ನಾನು ಅವ್ರಿಗೆ ಏನು ತೋರಿಸ್ಲಿ? ಈ ಪದ್ಧತಿಯಿಂದ ಮಕ್ಕಳು ಕಲ್ತಿಲ್ಲ.”

“ಒಂದು ಪ್ರಶ್ನೆ ತಪ್ಪಾಯ್ತು ಅಂತ ಪದ್ಧತೀನೇ ತಪ್ಪಾ? ಅನ್ನ ಬೆಂದಿದ್ಯಾ ಅಂತ ನೋಡೋಕೆ ಇಡೀ ಪಾತ್ರೆ ಹಿಸುಕ್ತಾರೇನಮ್ಮ? ಒಂದು ಅಗುಳು ಸಾಕು. ನಾಳೆ ಇದೇ ಮಾತಿಂದ ಶುರು ಮಾಡ್ತೀನಿ ನಾನು.” ಅವರು ಉತ್ತರಪತ್ರಿಕೆಗಳನ್ನು ಮಡಚಿ ಅವಳ ಕೈಗೇ ಕೊಟ್ಟರು. “ನಿಮ್ಮ ಹೊಟ್ಟೆಗೆ ನೀವೇ ಕಲ್ಲು ಹಾಕ್ಕೋಬೇಡಿ.”

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಸಂಜೆ ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬೇಳೆ ಬೇಯಲು ಕುಕ್ಕರ್ ಇಟ್ಟಿದ್ದಳು. ಭಾವ ಕೆಲಸದಿಂದ ಆಗಷ್ಟೇ ಬಂದು ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ. ಅವನು ಕುಕ್ಕರಿನ ವಾಲ್ವು ಮಾಡುವ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷಿಸುವವನು. ಐದನ್ನು ನೋಡಿ ಇಡೀ ರಾಶಿಯನ್ನು ಅಳೆಯುವ ಉಪಾಯವನ್ನು ಅವಳು ಕಲಿತದ್ದು ಅವನಿಂದಲೇ. ಅದನ್ನು ಅವನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ.

“ಏನು ನಾದಿನಿಯವರೇ, ನಾಳೆ ದೊಡ್ಡ ದಿನ. ನನ್ನ ಹೆಸರು ಹೇಳ್ತೀರೋ, ಇಲ್ಲಾ ನಿಮ್ಮದೇ ತಲೆ ಅಂತೀರೋ?”

“ಭಾವ, ಒಂದು ಕೇಳ್ತೀನಿ, ತಮಾಷೆ ಬೇಡ. ಆ ಐದು ವಾಲ್ವು ಇರ್ತಾವಲ್ಲ, ಅದನ್ನ ಯಾರು ಆರಿಸ್ತಾರೆ?”

“ಆರ್ಸೋದೇನು? ಪೆಟ್ಟಿಗೆ ತೆಗೆದ್ರೆ ಮೇಲೆ ಕಾಣೋದನ್ನ ತಗೋತೀನಿ.”

“ಕೆಳಗಿಂದ ತೆಗೆಯಲ್ವಾ?”

“ಕೆಳಗಿಂದ ಎಳೆದ್ರೆ ಮತ್ತೆ ಜೋಡಿಸೋರು ಯಾರು, ನಿಮ್ಮಕ್ಕನಾ?”

“ಪೆಟ್ಟಿಗೆ ತುಂಬೋರು ಯಾರು?”

“ಮಾಡಿದೋರೇ ತುಂಬ್ತಾರೆ. ಇನ್ಯಾರು ಬರ್ತಾರೆ?” ಎಂದವನು ಒಂದು ಬೂಟನ್ನು ಕೈಯಲ್ಲಿ ಹಿಡಿದು ಹಾಗೇ ಕೂತ. ತಾನು ಹೇಳಿದ್ದನ್ನು ಅವನು ಮೊದಲ ಸಲ ಕೇಳಿಸಿಕೊಂಡ ಹಾಗಿತ್ತು.

ಒಳಗಿಂದ ಅಕ್ಕ ಬಗ್ಗಿ ನೋಡಿದಳು. “ರೀ, ಈ ಕುಕ್ಕರಿಗೆ ಹಾಕಿರೋದು ನಿಮ್ಮ ಫ್ಯಾಕ್ಟರಿ ವಾಲ್ವೇ ಅಲ್ವಾ?”

“ಹೂಂ. ಕೆಲಸದವರಿಗೆ ಅಂತ ಅರ್ಧ ಬೆಲೆಗೆ ಕೊಟ್ರಲ್ಲ.”

ಅಕ್ಕ ಹೋಗಿ ಒಲೆ ಆರಿಸಿದಳು.

ಬೆಳಿಗ್ಗೆ ಅವಳು ಮೊದಲ ಬಸ್ಸಿಗೇ ಹೊರಟಳು. ಶಾಲೆಯ ಗೇಟು ತೆರೆದಿತ್ತು, ಕಸ ಗುಡಿಸುವವಳು ಇನ್ನೂ ಕೆಳಗಿನ ಮೊಗಸಾಲೆಯಲ್ಲಿದ್ದಳು. ಮೇಲೆ ತನ್ನ ಕ್ಲಾಸಿನಿಂದ ಮಾತು ಕೇಳಿಸುತ್ತಿತ್ತು. ಅವಳು ಕಿಟಕಿಯ ಪಕ್ಕ ನಿಂತಳು.

ಮೇಜಿನ ಸುತ್ತ ನಾಲ್ಕು ಮಕ್ಕಳಿದ್ದರು. ನಡುವೆ ಕ್ಲಾಸ್ ಲೀಡರ್, ಎರಡು ಜಡೆಯ ಗಂಭೀರ ಹುಡುಗಿ, ಪ್ರತಿ ಪರೀಕ್ಷೆಯಲ್ಲೂ ಮೊದಲು ಬರುವವಳು. ಹಿಂದಿನ ಸಂಜೆ ಎಲ್ಲರೂ ಇಟ್ಟುಹೋದ ಪುಸ್ತಕಗಳು ಅಕ್ಕಪಕ್ಕ ಎರಡು ರಾಶಿಯಾಗಿದ್ದವು.

“ಇವನದ್ದು ಬೇಡ, ಹೋದ ವಾರವೂ ಮೇಲಿತ್ತು,” ಎಂದಳು ಲೀಡರ್. “ನಿಂದು ಇಡು. ತಪ್ಪು ಹಾಕಿದ್ಯಾ?”

“ಒಂದು ಹಾಕಿದ್ದೀನಿ. ಗ್ರಾಂ ಬರ್ದಿಲ್ಲ.”

“ಇವತ್ತು ಹೊರಗಿನವ್ರು ಬರ್ತಾರೆ. ಒಂದೇ ಸಾಕಾಗಲ್ಲ. ನಾಲ್ಕು ಪುಸ್ತಕದಲ್ಲಿ ಅದೇ ತಪ್ಪಿರ್ಬೇಕು, ಐದನೇದ್ರಲ್ಲಿ ಸರಿ ಇರ್ಬೇಕು. ಆಗ ಮಿಸ್‌ಗೆ ಹೇಳೋಕೆ ಚೆನ್ನಾಗಿರುತ್ತೆ.”

ಇನ್ನೊಬ್ಬ ಹುಡುಗ ಆಗಲೇ ರಬ್ಬರು ತೆಗೆದು ಯಾರದೋ ಪುಸ್ತಕದ ಸರಿ ಉತ್ತರವನ್ನು ಉಜ್ಜುತ್ತಿದ್ದ.

ಮಕ್ಕಳು ಸೋಮಾರಿಗಳು, ಕಾಪಿ ಹೊಡೆಯುವವರು, ಒಳ್ಳೆಯ ಪುಸ್ತಕಗಳನ್ನು ಮೇಲಿಟ್ಟು ತನ್ನನ್ನು ಮಂಗ ಮಾಡಿದ್ದಾರೆ, ಇಷ್ಟನ್ನು ಟೀಚರ್ ರಾತ್ರಿಯೇ ಊಹಿಸಿದ್ದಳು. ತಾನು ತಿದ್ದಿದ ತಪ್ಪುಗಳು ಕೂಡ ತನಗಾಗಿ ತಯಾರಾದವು ಎಂದು ಊಹಿಸಿರಲಿಲ್ಲ. ಅರ್ಧ ವರ್ಷ ದಿನವೂ ಹತ್ತು ನಿಮಿಷ, ಇಲ್ಲದ ರೋಗಕ್ಕೆ ಅವಳು ಮದ್ದು ಕೊಟ್ಟಿದ್ದಳು.

ಅವಳು ಒಳಗೆ ಹೋದಳು. ರಬ್ಬರಿನ ಹುಡುಗ ಪುಸ್ತಕವನ್ನು ಬೆನ್ನ ಹಿಂದೆ ಇಟ್ಟುಕೊಂಡ. ಲೀಡರ್ ಮಾತ್ರ ಇದ್ದಲ್ಲೇ ಇದ್ದಳು.

“ಎಷ್ಟು ದಿನದಿಂದ ನಡೀತಿದೆ ಇದು?”

“ಶುರುವಿಂದ ಮಿಸ್.”

“ಯಾಕೆ?”

ಹುಡುಗಿ ಉಳಿದವರ ಮುಖ ನೋಡಿದಳು. ಯಾರೂ ಸಹಾಯಕ್ಕೆ ಬರಲಿಲ್ಲ. “ಮೊದಲನೇ ತಿಂಗಳು ಗಾಜಿನ ಲೋಟದ ಪಾಠದಲ್ಲಿ ನೀವು ಒಂದು ಉತ್ತರ ಓದಿದ್ರಲ್ಲ ಮಿಸ್. ಲೋಟ ಸೋರುತ್ತೆ ಅಂತ ಒಬ್ರು ಬರ್ದಿದ್ದಾರೆ, ಹೆಸರು ಹೇಳಲ್ಲ ಅಂದ್ರಿ.”

“ಹೇಳಲಿಲ್ಲವಲ್ಲ.”

“ಪುಸ್ತಕ ಕೈಯಲ್ಲಿ ಹಿಡ್ಕೊಂಡೇ ಓದಿದ್ರಿ. ಎಲ್ಲರದ್ದೂ ಕಂದು ಹೊದಿಕೆ ಮಿಸ್. ಕ್ಯಾಲೆಂಡರ್ ಹಾಳೆ ಹಾಕ್ಕೊಂಡಿರೋದು ಅವಳೊಬ್ಬಳೇ.”

ಟೀಚರಿಗೆ ಆ ಹೊದಿಕೆ ನೆನಪಾಯಿತು. ಅದರ ಮೇಲೆ ಯಾವುದೋ ತಿಂಗಳ ತಾರೀಕುಗಳು ತಲೆಕೆಳಗಾಗಿದ್ದವು. ಹಿಂದಿನ ಬೆಂಚಿನ ಸಣ್ಣಗಿನ ಹುಡುಗಿಯ ಪುಸ್ತಕ.

“ಎಲ್ಲಾ ನಕ್ಕರು. ನೀವೂ ಸ್ವಲ್ಪ ನಕ್ರಿ. ಆವತ್ತಿಂದ ಅವಳಿಗೆ ಸೋರೋ ಲೋಟ ಅಂತಲೇ ಹೆಸರು. ಆಮೇಲೆ ಒಂದು ವಾರ ಸ್ಕೂಲಿಗೆ ಬರ್ಲಿಲ್ಲ, ಜ್ವರ ಅಂತ ಚೀಟಿ ತಂದ್ಲು. ಜ್ವರ ಇರ್ಲಿಲ್ಲ ಮಿಸ್. ಅದಕ್ಕೇ, ಇನ್ಮೇಲೆ ಯಾರದ್ದೂ ಹಂಗೆ ನಿಮ್ಮ ಕೈಗೆ ಸಿಗಬಾರ್ದು ಅಂತ ಮಾತಾಡ್ಕೊಂಡ್ವಿ.”

“ತಪ್ಪು ಯಾಕೆ ಹಾಕಿದ್ರಿ? ಎಲ್ಲಾ ಸರಿ ಇರೋದನ್ನೇ ಇಡಬಹುದಿತ್ತಲ್ಲ.”

“ಎಲ್ಲಾ ಸರಿ ಇದ್ರೆ ನಿಮಗೆ ಅನುಮಾನ ಬರುತ್ತೆ. ಮತ್ತೆ ನಿಮಗೂ ಹೇಳೋಕೆ ಏನಾದ್ರೂ ಬೇಕಲ್ಲ ಮಿಸ್. ಗ್ರಾಂ, ಮೀಟರ್ ಬಿಟ್ಟಿರೋದು ಹೇಳುವಾಗ ನೀವು ಖುಷಿಯಾಗಿರ್ತೀರಿ.” ಅವಳು ಇದನ್ನು ಕುಹಕವಿಲ್ಲದೆ, ಮನೆಯಲ್ಲಿ ಅಜ್ಜಿಗೆ ಯಾವ ಹಲ್ಲು ನೋಯುತ್ತದೆ ಎಂದು ಹೇಳುವ ಹಾಗೆ ಹೇಳಿದಳು.

ಕೆಳಗೆ ಕಾರುಗಳು ಬಂದು ನಿಂತ ಸದ್ದಾಯಿತು.

ಪಾಠದ ಹೊತ್ತಿಗೆ ಕ್ಲಾಸಿನ ಹಿಂಬದಿಯಲ್ಲಿ ಕುರ್ಚಿಗಳು ತುಂಬಿದ್ದವು. ಅತಿಥಿಗಳ ತೊಡೆಯ ಮೇಲೆ ಹೊಸ ಪ್ಯಾಡುಗಳಿದ್ದವು. ಹೆಡ್‌ಮಾಸ್ಟರು ಅನ್ನದ ಅಗುಳಿನಿಂದಲೇ ಶುರು ಮಾಡಿದರು. ಅತಿಥಿಗಳು ಬರೆದುಕೊಂಡರು. ಮೇಜಿನ ಮೇಲೆ ಪುಸ್ತಕಗಳ ರಾಶಿ ಅಂಚು ಅಂಚಿಗೆ ಸರಿಯಾಗಿ ಕೂತಿತ್ತು. ಲೀಡರ್ ಬೆಂಚಿನಲ್ಲಿ ನೆಟ್ಟಗೆ ಕೂತು ಟೀಚರಿನ ಕೈಯನ್ನೇ ನೋಡುತ್ತಿದ್ದಳು.

ಟೀಚರ್ ರಾಶಿಯ ಮೇಲೆ ಕೈ ಇಟ್ಟಳು. ಮೇಲಿನ ಐದನ್ನು ತೆಗೆದುಕೊಂಡರೆ ಸಾಕು. ಗ್ರಾಂ ಬಿಟ್ಟಿದ್ದೀರಿ ಎಂದು ಹೇಳುವುದು, ಮಕ್ಕಳು ಹಸಿರು ಪೆನ್ನು ತೆಗೆಯುವುದು, ಚಪ್ಪಾಳೆ, ಸಹಿ. ಯಾರೂ ಸುಳ್ಳು ಹೇಳಬೇಕಾದ್ದೇ ಇಲ್ಲ. ಆ ಮಕ್ಕಳು ಅವಳಿಗೆ ಅಷ್ಟು ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟಿದ್ದರು. ಬುಡದಿಂದ ಐದು ಎಳೆದರೆ ಇನ್ನೂ ಐದು ಮಕ್ಕಳ ಮಾನ ಇಷ್ಟು ಜನರೆದುರು ಹರಾಜಾಗುತ್ತಿತ್ತು.

ಅವಳು ಇಡೀ ರಾಶಿಯನ್ನು ಎತ್ತಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

“ಎಲ್ಲರೂ ತಲೆ ಬೆಂಚಿನ ಮೇಲೆ ಇಟ್ಟು ಕಣ್ಣು ಮುಚ್ಚಿ. ಪೂರ್ತಿ. ಒಂದು ಪ್ರಶ್ನೆ ಕೇಳ್ತೀನಿ. ಪರೀಕ್ಷೆಗಲ್ಲ, ಅಂಕ ಇಲ್ಲ. ಪುಸ್ತಕದಲ್ಲಿ ಏನಿದೆ ಅಂತ ಕೇಳ್ತಿಲ್ಲ. ನಿಮಗೆ ನಿಜವಾಗಿ ಏನನ್ಸುತ್ತೆ ಅಂತ ಕೇಳ್ತಿದ್ದೀನಿ. ಐಸು ಹಾಕಿದ ಲೋಟದ ಹೊರಗೆ ನೀರು ಬರುತ್ತಲ್ಲ, ಅದು ಒಳಗಿಂದಲೇ ಹೇಗೋ ಬರುತ್ತೆ ಅಂತ ಯಾರಿಗೆ ಅನ್ಸುತ್ತೆ? ಅವ್ರು ಕೈ ಎತ್ತಿ.”

ಏನೂ ಆಗಲಿಲ್ಲ. ಹಿಂದೆ ಯಾರೋ ಕೆಮ್ಮಿದರು. ಹೆಡ್‌ಮಾಸ್ಟರು ಅವಳಿಗೆ ಕಣ್ಣಿನಲ್ಲೇ ಬೇಡವೆಂದರು. ಆಮೇಲೆ ಗೋಡೆಯ ಪಕ್ಕದ ಒಂದು ಕೈ ಮೊಣಕೈವರೆಗೆ ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ತಡವಾಗಲಿಲ್ಲ. ಕಿಟಕಿಯ ಸಾಲು, ನಡುವಿನ ಸಾಲು, ಮುಂದಿನ ಬೆಂಚು, ಕೈಗಳು ಏಳುತ್ತಲೇ ಹೋದವು. ತಲೆಗಳೆಲ್ಲ ಕೆಳಗೆ, ಕೈಗಳೆಲ್ಲ ಮೇಲೆ.

ಅತಿಥಿಗಳ ಪೆನ್ನುಗಳು ನಿಂತವು. ಅವರಲ್ಲೊಬ್ಬ ಯುವ ಮೇಷ್ಟ್ರ ಕೈಯೂ ಅರ್ಧ ಮೇಲೆದ್ದಿತ್ತು. ಟೀಚರ್ ನೋಡಿದ್ದನ್ನು ಕಂಡು ಅವನು ಅದೇ ಕೈಯಲ್ಲಿ ಕೂದಲು ಸರಿಮಾಡಿಕೊಂಡ.

ಅವಳು ಸಾಲುಗಳನ್ನು ನೋಡುತ್ತ ಬಂದು ಲೀಡರಿನ ಬೆಂಚಿನ ಎದುರು ನಿಂತುಬಿಟ್ಟಳು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಂದಕ್ಷರ ತಪ್ಪಿಲ್ಲದೆ ಸರಿ ಉತ್ತರ ಬರೆದಿದ್ದ ಹುಡುಗಿ. ಎರಡು ಜಡೆಗಳ ಪಕ್ಕದಿಂದ ಅವಳ ಕೈ ಉಳಿದೆಲ್ಲರ ಕೈಗಿಂತ ನೆಟ್ಟಗೆ ಎದ್ದಿತ್ತು.

“ಕೈ ಇಳಿಸಿ. ಈಗ ಕಣ್ಣು ಬಿಡಿ,” ಎಂದಳು. ಹಿಂಬದಿಯ ಕುರ್ಚಿಗಳ ಕಡೆ ತಿರುಗಿದಳು. “ನಾನು ಅರ್ಧ ವರ್ಷ ಐದೈದು ಪುಸ್ತಕ ಓದಿದೆ. ಶುರುವಲ್ಲಿ ಒಮ್ಮೆ ಬಿಟ್ರೆ ಇದು ಮತ್ತೆ ಯಾವುದರಲ್ಲೂ ಇರ್ಲಿಲ್ಲ. ನಾನು ಬೈಬಹುದು, ಬೇರೆಯವ್ರು ನಗಬಹುದು ಅಂತ ಮಕ್ಕಳಿಗೆ ಗೊತ್ತಿತ್ತು. ಹಾಗಾಗಿ ನನಗೆ ಬೇಕಾದ್ದನ್ನೇ ಓದೋಕೆ ಕೊಟ್ರು. ಇಷ್ಟೇ ನಾನು ತೋರ್ಸೋಕೆ ಇರೋದು.”

ಒಬ್ಬ ವಯಸ್ಸಾದ ಟೀಚರ್ ಪ್ಯಾಡನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಹೆಡ್‌ಮಾಸ್ಟರು ಎದ್ದು, ಚಹಾ ಕೆಳಗೆ ತಯಾರಿದೆ ಎಂದರು. ಅತಿಥಿಗಳು ಸಾಲಾಗಿ ಹೊರಟರು. ಅವರೆಲ್ಲ ಮೆಟ್ಟಿಲಿಳಿದ ಮೇಲೆ ಹೆಡ್‌ಮಾಸ್ಟರು ಅವಳನ್ನು ಮೊಗಸಾಲೆಗೆ ಕರೆದರು.

“ಒಂದು ಗಂಟೆ, ಒಂದೇ ಒಂದು ಗಂಟೆ ಮಾನ ಕಾಪಾಡೋಕೆ ಆಗ್ಲಿಲ್ವಾ ನಿಮ್ಮಿಂದ?”

“ಸರ್, ಲೀಡರೂ ಕೈ ಎತ್ತಿದ್ಲು. ನೋಡಿದ್ರಾ? ಸರಿ ಉತ್ತರ ಬರ್ದೋಳೂ ಅದನ್ನ ನಂಬಲ್ಲ.”

“ನನಗೆ ಅದೆಲ್ಲ ಬೇಡಮ್ಮ.” ಅವರ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. “ಇಡೀ ಶಾಲೆಗೆ ಇದನ್ನೇ ತರ್ತೀವಿ ಅಂತ ಆಡಳಿತ ಮಂಡಳಿಗೆ ಬರೆದು ಕೊಟ್ಟಿದ್ದೀನಿ ನಾನು. ನಿಮ್ಮ ಪತ್ರದ ವಿಷಯ ಆಮೇಲೆ ನೋಡೋಣ.”

ಆ ಶಾಲೆಯಲ್ಲಿ ಆಮೇಲೆ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಮುಂದಿನ ವರ್ಷ ಈ ಮೊಗಸಾಲೆಯಲ್ಲಿ ಇನ್ಯಾರೋ ಓಡಾಡುತ್ತಾರೆ. ಅವಳು ಸರಿ ಸರ್ ಎಂದಳು. ಅವರು ಚಹಾಕ್ಕೆ ಇಳಿದುಹೋದರು.

ಅವಳು ಕ್ಲಾಸಿಗೆ ಮರಳಿದಾಗ ಗಲಾಟೆ ಇರಬೇಕಿತ್ತು, ಇರಲಿಲ್ಲ. ಮಕ್ಕಳು ಹೆದರಿ ಕೂತಿದ್ದರು. ಲೀಡರಿನ ಕಣ್ಣು ಕೆಂಪಾಗಿತ್ತು.

“ನೀನು ಪರೀಕ್ಷೇಲಿ ಸರಿ ಬರ್ದಿದ್ದೀಯಲ್ಲ,” ಎಂದಳು ಟೀಚರ್. “ನೀರಾವಿ ಅಂತ.”

“ಅದು ಪರೀಕ್ಷೆಗೆ ಮಿಸ್. ನೀವು ಕೇಳಿದ್ದು ಏನನ್ಸುತ್ತೆ ಅಂತ.”

“ಹಾಗಾದ್ರೆ ಗಾಳೀಲಿ ನೀರಿದೆ ಅಂತ ನಿನಗೆ ಅನ್ಸಲ್ವಾ?”

ಉತ್ತರ ಬಂದದ್ದು ಹಿಂದಿನ ಬೆಂಚಿನಿಂದ. “ಗಾಳೀಲಿ ನೀರಿದ್ರೆ ಬಟ್ಟೆ ಒಣಗೋದು ಹೇಗೆ ಮಿಸ್?”

ಕೇಳಿದವಳು ಸಣ್ಣಗಿನ ಹುಡುಗಿ. ಕೇಳಿದ ತಕ್ಷಣ ತಪ್ಪು ಮಾಡಿದವಳಂತೆ ಬೆಂಚಿನ ಅಂಚು ಹಿಡಿದುಕೊಂಡಳು. ಕೆಲವರು ಅವಳ ಕಡೆ ತಿರುಗಿದರು. ಯಾರೂ ನಗಲಿಲ್ಲ. ಅದು ಅವರೆಲ್ಲರ ಪ್ರಶ್ನೆಯಾಗಿತ್ತು.

ಟೀಚರಿಗೆ ಪಠ್ಯಪುಸ್ತಕದ ವಾಕ್ಯ ಬಾಯಿಗೆ ಬಂದಿತ್ತು. ನುಂಗಿಕೊಂಡಳು. ಇಂಥದ್ದೊಂದು ಮಾತು ಈ ತಲೆಗಳಲ್ಲಿದೆ ಎಂದು ಗೊತ್ತಿಲ್ಲದೆ ಅವಳು ಅರ್ಧ ವರ್ಷ ಅದರ ಮೇಲೆಯೇ ನಿಂತು ಪಾಠ ಮಾಡಿದ್ದಳು. ಉಳಿದದ್ದು ಇನ್ನರ್ಧ ವರ್ಷ. ಅವಳು ಕುರ್ಚಿಯನ್ನು ಎಳೆದುಕೊಂಡು ಹೋಗಿ ಹಿಂದಿನ ಬೆಂಚಿನ ಪಕ್ಕ ಹಾಕಿ ಕೂತಳು.

“ಇನ್ನೊಂದ್ಸಲ ಹೇಳು,” ಎಂದಳು. “ಬಟ್ಟೆ ಒಣಗುವಾಗ ಆ ನೀರು ಏನಾಗುತ್ತೆ ಅಂತ ನೀನು ಅಂದ್ಕೊಂಡಿದ್ದೀಯ?”